ಹತ್ತಡಿ ಕೋಣೆಗೆ ಬಣ್ಣ: ಕೋಡಂಬಾಕ್ಕಂನಲ್ಲಿ ಕಲಿತ ಪಾಠಗಳು

ಬಣ್ಣ ಹೊಡೆದರೆ ಸಣ್ಣ ಕೋಣೆ ಒಂದಂಗುಲವೂ ಬೆಳೆಯುವುದಿಲ್ಲ. ಆದರೆ ಟೇಪು ಹೇಳುವ ಅಳತೆಯೇ ಬೇರೆ, ಕಣ್ಣು ಹೇಳುವ ಅಳತೆಯೇ ಬೇರೆ. ಕಣ್ಣು ಮುಖ್ಯವಾಗಿ ಮೂರು ಸಂಗತಿಗಳನ್ನು ನೋಡಿ ಕೋಣೆಯ ಗಾತ್ರವನ್ನು ಅಂದಾಜು ಮಾಡುತ್ತದೆ: ಗೋಡೆಗಳಿಂದ ಎಷ್ಟು ಬೆಳಕು ಮರಳಿ ಬರುತ್ತಿದೆ, ಒಂದು ಗೋಡೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ, ನೋಟ ಎಲ್ಲೆಲ್ಲಿ ತಡೆದು ನಿಲ್ಲುತ್ತದೆ. ಈ ಮೂರನ್ನೂ ಬಣ್ಣ ಬದಲಿಸಬಲ್ಲದು. ಹಾಗಾಗಿ ಗೋಡೆ ಒಡೆಯದೆ, ಸಾಮಾನು ಹೊರಹಾಕದೆ, ಕೆಲವೇ ಲೀಟರ್ ಬಣ್ಣದಲ್ಲಿ ಕೋಣೆಯ ಉಸಿರುಗಟ್ಟುವಿಕೆಯನ್ನು ಕಡಿಮೆ ಮಾಡಬಹುದು.

ಈ ಬರಹಕ್ಕೆ ಆಧಾರ ಚೆನ್ನೈನ ಕೋಡಂಬಾಕ್ಕಂನ ಒಂದು ಕೋಣೆ. ಬೀಚ್–ತಾಂಬರಂ ಉಪನಗರ ರೈಲು ಮಾರ್ಗದಲ್ಲಿ ನುಂಗಂಬಾಕ್ಕಂಗೂ ಮಾಂಬಲಂಗೂ ನಡುವೆ ಬರುವ ಈ ಪ್ರದೇಶದಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡಿವೆ. ಕರ್ನಾಟಕದಿಂದ ಬಂದು ನೆಲೆಸಿದ ಲೇಖಕನ ಕುಟುಂಬಕ್ಕೆ ಸಿಕ್ಕಿದ ಕೋಣೆ ಹತ್ತಡಿ ಉದ್ದ, ಒಂಬತ್ತಡಿ ಅಗಲ, ಒಂಬತ್ತೂವರೆ ಅಡಿ ಎತ್ತರದ್ದು. ಇರುವುದು ಒಂದೇ ಕಿಟಕಿ. ಅದರಾಚೆ ನಾಲ್ಕಡಿ ದೂರದಲ್ಲಿ ಪಕ್ಕದ ಮನೆಯ ಸಿಮೆಂಟು ಗೋಡೆ. ಈ ಕೋಣೆಗೆ ಎರಡು ಸಲ ಬಣ್ಣ ಹೊಡೆಸಲಾಯಿತು. ಮೊದಲ ಸಲ ಮಾಡಿದ್ದರಲ್ಲಿ ಬಹುಪಾಲು ತಪ್ಪಾಯಿತು. ಎರಡನೇ ಸಲ ಆ ತಪ್ಪುಗಳನ್ನೇ ಒಂದೊಂದಾಗಿ ತಿದ್ದಿಕೊಳ್ಳಲಾಯಿತು.

ಕಣ್ಣು ಅಳೆಯುವ ಬಗೆ

ಕಿಟಕಿಯಿಂದ ಒಳಗೆ ಬಂದ ಬೆಳಕು ಒಂದು ಗೋಡೆಗೆ ಬಡಿದು ಅಲ್ಲಿಗೇ ಮುಗಿಯುವುದಿಲ್ಲ. ಗೋಡೆಯಿಂದ ಗೋಡೆಗೆ, ಗೋಡೆಯಿಂದ ಸೀಲಿಂಗಿಗೆ ಪುಟಿಯುತ್ತಾ ಹೋಗುತ್ತದೆ. ಪ್ರತಿ ಪುಟಿತದಲ್ಲೂ ಬಣ್ಣ ಒಂದಿಷ್ಟು ಬೆಳಕನ್ನು ನುಂಗಿ ಉಳಿದದ್ದನ್ನು ಹಿಂದಕ್ಕೆ ಕೊಡುತ್ತದೆ. ಬಣ್ಣದ ಕಂಪನಿಗಳು ಇದನ್ನು 0ಯಿಂದ 100ರ ಅಳತೆಯಲ್ಲಿ ಎಲ್‌ಆರ್‌ವಿ ಎಂದು ಹೇಳುತ್ತವೆ. 0 ಎಂದರೆ ಪೂರ್ತಿ ಕಪ್ಪು, 100 ಎಂದರೆ ಬಿದ್ದ ಬೆಳಕನ್ನೆಲ್ಲ ಹಿಂದಿರುಗಿಸುವ ಬಿಳಿ.

ಈ ಅಂಕಿಯ ಮಹತ್ವ ಸರಳ ಗುಣಾಕಾರದಿಂದ ತಿಳಿಯುತ್ತದೆ. ಎಲ್‌ಆರ್‌ವಿ 80 ಇರುವ ಗೋಡೆಗಳ ನಡುವೆ ಬೆಳಕು ಮೂರು ಸಲ ಪುಟಿದ ಮೇಲೂ ನೂರಕ್ಕೆ 51 ಪಾಲು ಉಳಿದಿರುತ್ತದೆ. ಎಲ್‌ಆರ್‌ವಿ 50 ಆಗಿದ್ದರೆ ಉಳಿಯುವುದು 12 ಪಾಲು ಮಾತ್ರ. ಶೇಡ್ ಕಾರ್ಡಿನಲ್ಲಿ ಅಕ್ಕಪಕ್ಕದಲ್ಲಿ ತಿಳಿಯಾಗಿಯೇ ಕಾಣುವ ಎರಡು ಬಣ್ಣಗಳು ಒಂದೇ ಕಿಟಕಿಯ ಕೋಣೆಯೊಳಗೆ ಬೆಳಗು–ಸಂಜೆಯಷ್ಟು ಬೇರೆಯಾಗುವುದು ಈ ಕಾರಣಕ್ಕೆ. ಬೆಳಕು ಮೂಲೆಗಳಿಗೆ ತಲುಪಿದಾಗ ಮೂಲೆಯ ನೆರಳು ತೆಳುವಾಗುತ್ತದೆ. ಮೂಲೆ ಎದ್ದು ಕಾಣದಿದ್ದರೆ ಕಣ್ಣಿಗೆ ಕೋಣೆಯ ಎಲ್ಲೆ ಸ್ಪಷ್ಟವಾಗಿ ಸಿಗುವುದಿಲ್ಲ. ಎಲ್ಲೆ ಸಿಗದ ಜಾಗ ದೊಡ್ಡದಾಗಿ ತೋರುತ್ತದೆ.

ಎತ್ತರದ ವಿಷಯದಲ್ಲಿ ಒಂದು ಹಳೆಯ ನಂಬಿಕೆಯಿದೆ: ಸೀಲಿಂಗ್ ಬಿಳಿಯಾಗಿ ಗೋಡೆ ಗಾಢವಾಗಿದ್ದರೆ, ಎರಡರ ನಡುವಿನ ವ್ಯತ್ಯಾಸದಿಂದಲೇ ಸೀಲಿಂಗ್ ಮೇಲೆದ್ದಂತೆ ಕಾಣುತ್ತದೆ ಎಂಬುದು. ಜರ್ಮನಿಯ ಮೈನ್ಸ್ ವಿಶ್ವವಿದ್ಯಾಲಯದ ಡೇನಿಯಲ್ ಓಬರ್‌ಫೆಲ್ಡ್, ಹೈಕೋ ಹೆಕ್ಟ್ ಮತ್ತು ಮಥಿಯಾಸ್ ಗಾಮರ್ ಇದನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೀಲಿಂಗ್ ತಿಳಿಯಾದಷ್ಟೂ ಕೋಣೆ ಎತ್ತರವಾಗಿ ಕಂಡಿತು. ಗೋಡೆ ತಿಳಿಯಾದಾಗಲೂ ಎತ್ತರವಾಗಿ ಕಂಡಿತು. ಎರಡರ ಪರಿಣಾಮವೂ ಒಂದಕ್ಕೊಂದು ಕೂಡಿಕೊಂಡಿತು. ನೆಲದ ಬಣ್ಣ ತಿಳಿಯೋ ಗಾಢವೋ ಎಂಬುದರಿಂದ ಎತ್ತರದ ಅಂದಾಜು ಬದಲಾಗಲಿಲ್ಲ. ಈ ಕೊನೆಯ ಮಾತು ದಕ್ಷಿಣದ ಮನೆಗಳಿಗೆ ಸಮಾಧಾನದ ಸುದ್ದಿ. ಹಳೆಯ ರೆಡ್ ಆಕ್ಸೈಡ್ ನೆಲವನ್ನು ಕಿತ್ತು ಬಿಳಿ ಟೈಲ್ಸ್ ಹಾಕಿಸಿದರೆ ಕೋಣೆ ಎತ್ತರವಾಗಿ ಕಂಡೀತು ಎಂದು ಖರ್ಚು ಮಾಡಬೇಕಾಗಿಲ್ಲ. ಕೆಂಪು ನೆಲ ಹಾಗೆಯೇ ಇರಲಿ, ಗೋಡೆ ಮತ್ತು ಸೀಲಿಂಗ್ ತಿಳಿಯಾದರೆ ಸಾಕು.

ಸ್ಟುಡಿಯೊಗಳು ಬಲ್ಲ ಗುಟ್ಟು

ಬಣ್ಣದಿಂದ ಜಾಗವನ್ನು ಹಿಗ್ಗಿಸುವ ವಿದ್ಯೆ ಕೋಡಂಬಾಕ್ಕಂಗೆ ಹೊಸದಲ್ಲ. ಎ. ವಿ. ಮೆಯ್ಯಪ್ಪನ್ ಅವರ ಸಿನಿಮಾ ಸ್ಟುಡಿಯೊ ಕಾರೈಕುಡಿಯಿಂದ ಕೋಡಂಬಾಕ್ಕಂ–ವಡಪಳನಿ ಸೀಮೆಗೆ ಬಂದದ್ದು 1948ರಲ್ಲಿ. ವಾಹಿನಿ, ಪ್ರಸಾದ್ ಮೊದಲಾದ ಸ್ಟುಡಿಯೊಗಳೂ ಇದೇ ಸುತ್ತಿನಲ್ಲಿ ಬೆಳೆದವು. 1954ರ ‘ಬೇಡರ ಕಣ್ಣಪ್ಪ’ದಿಂದ ಮೊದಲ್ಗೊಂಡು ರಾಜ್‌ಕುಮಾರ್ ಅವರ ಆರಂಭದ ಚಿತ್ರಗಳ ಬಹುಪಾಲು ಮದ್ರಾಸಿನ ಸ್ಟುಡಿಯೊಗಳಲ್ಲೇ ತಯಾರಾದವು. ನಾಲ್ಕು ಗೋಡೆಯ ಒಂದು ಫ್ಲೋರಿನೊಳಗೆ ಅರಮನೆಯ ಅಂಗಳ, ಕಾಡು, ಆಕಾಶ ಎಲ್ಲವೂ ಕಾಣಬೇಕಿತ್ತು.

ಇಂಥ ಸೆಟ್‌ಗಳಿಗೆ ಬಣ್ಣ ಬಳಿಯುವವರ ನಿಯಮ ಒಂದೇ. ಹತ್ತಿರವಿರಬೇಕಾದದ್ದು ಗಾಢ, ಅಂಚು ಸ್ಪಷ್ಟ. ದೂರವಿರಬೇಕಾದದ್ದು ತಿಳಿ, ಅಂಚು ಮಸುಕು, ಕೊಂಚ ನೀಲಿಯ ಕಡೆಗೆ ವಾಲಿದ್ದು. ವೃತ್ತಿನಾಟಕ ಕಂಪನಿಗಳ ಬಣ್ಣದ ಪರದೆಗಳಲ್ಲೂ ಇದೇ ಲೆಕ್ಕವಿತ್ತು. ಇದು ನಿಸರ್ಗದಿಂದಲೇ ಕಲಿತದ್ದು. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ನೋಡಿದರೆ ಹತ್ತಿರದ ಗುಡ್ಡ ಹಸಿರು, ಅದರ ಹಿಂದಿನದು ನೀಲಿ, ಅದಕ್ಕೂ ಹಿಂದಿನದು ಆಕಾಶದೊಳಗೆ ಕರಗಿದ ಬೂದು. ನಡುವಿನ ಗಾಳಿ ಬೆಳಕನ್ನು ಚೆದುರಿಸುವುದರಿಂದ ಹೀಗಾಗುತ್ತದೆ. ಜೀವಮಾನವಿಡೀ ಇದನ್ನೇ ಕಂಡ ಕಣ್ಣು, ತಿಳಿಯಾದ ತಂಪು ಬಣ್ಣವನ್ನು ದೂರಕ್ಕೂ ಗಾಢವಾದ ಬಿಸಿ ಬಣ್ಣವನ್ನು ಹತ್ತಿರಕ್ಕೂ ಜೋಡಿಸಿಕೊಳ್ಳುತ್ತದೆ.

ಕರ್ನಾಟಕದ ಮನೆಗಳಲ್ಲಿ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುವ ರೂಢಿಯ ಹಿಂದೆಯೂ ಇಂಥದೇ ತಿಳಿವಳಿಕೆಯಿದೆ. ನೀಲಿ ಸುಣ್ಣದ ಹಳದಿ ಛಾಯೆಯನ್ನು ಮುರಿಯುತ್ತದೆ, ಬಿಳಿ ಇನ್ನಷ್ಟು ಬಿಳಿಯಾಗಿ ಕಾಣುತ್ತದೆ. ಅದೇ ಮನೆಗಳಲ್ಲಿ ಗೋಡೆಯ ಬುಡಕ್ಕೆ ಎರಡಡಿ ಎತ್ತರದವರೆಗೆ ಕೆಮ್ಮಣ್ಣು ಬಳಿಯುವ ಪದ್ಧತಿಯೂ ಇತ್ತು. ಎತ್ತರದ ಮಾಡಿನ ದೊಡ್ಡ ಪಡಸಾಲೆಯಲ್ಲಿ ಆ ಪಟ್ಟಿ ಚೆಲುವು. ಹತ್ತಡಿ ಕೋಣೆಯಲ್ಲಿ ಅದೇ ಪಟ್ಟಿ ಗೋಡೆಯನ್ನು ಅಡ್ಡಕ್ಕೆ ಕತ್ತರಿಸಿ ಗಿಡ್ಡ ಮಾಡುತ್ತದೆ.

ಮೊದಲ ಸಲದ ತಪ್ಪುಗಳು

ಮೊದಲ ತಪ್ಪು ಕಾಲದ್ದು. ಊರಿನ ರೂಢಿಯಂತೆ ದೀಪಾವಳಿಗೆ ಮುಂಚೆ ಬಣ್ಣ ಹೊಡೆಸಲಾಯಿತು. ಕರ್ನಾಟಕದ ಹೆಚ್ಚಿನ ಭಾಗದಲ್ಲಿ ಮುಂಗಾರು ಮುಗಿದು ಗೋಡೆ ಆರುವ ಹೊತ್ತಿಗೆ ದೀಪಾವಳಿ ಬರುತ್ತದೆ. ಚೆನ್ನೈನಲ್ಲಿ ಅದು ತಿರುವುಮುರುವು. ಇಲ್ಲಿ ವರ್ಷಕ್ಕೆ ಬೀಳುವ ಸುಮಾರು 1,400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸುರಿಯುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದಲ್ಲಿ. ಕೆಲಸಕ್ಕೆ ಬಂದ ಹಿರಿಯ ಪೇಂಟರ್ ಗೋಡೆಗೆ ಅಂಗೈ ಒತ್ತಿ, “ಸುವರು ಇನ್ನುಂ ಕಾಯಲೆ ಸಾರ್” ಎಂದಿದ್ದರು. ಗೋಡೆ ಇನ್ನೂ ಒಣಗಿಲ್ಲ ಎಂದು ಅರ್ಥ. ಹಬ್ಬದ ಆತುರದಲ್ಲಿ ಆ ಮಾತು ಕಿವಿಗೆ ಬೀಳಲಿಲ್ಲ. ಎರಡು ತಿಂಗಳೊಳಗೆ ಹೊರಗೋಡೆಯ ಬದಿಯಲ್ಲಿ ಬಣ್ಣ ಗುಳ್ಳೆಯೆದ್ದಿತು. ಗುಳ್ಳೆ ಒಡೆದಲ್ಲಿ ಹತ್ತಿಯಂಥ ಬಿಳಿ ಪುಡಿ ಉದುರಿತು. ಇಟ್ಟಿಗೆಯೊಳಗಿನ ಉಪ್ಪು ನೀರಿನಲ್ಲಿ ಕರಗಿ ಮೇಲ್ಮೈಗೆ ಬಂದು, ನೀರು ಆವಿಯಾದಾಗ ಹರಳುಗಟ್ಟುವುದರಿಂದ ಹೀಗಾಗುತ್ತದೆ. ಕಲೆಯಾದ ಗೋಡೆ ಎಷ್ಟೇ ತಿಳಿಯಾಗಿದ್ದರೂ ನೋಟ ಆ ಕಲೆಯಲ್ಲೇ ಹೋಗಿ ನಿಲ್ಲುತ್ತದೆ.

ಎರಡನೆಯದು ಅಪ್ಪಟ ಬಿಳಿಯ ಆಯ್ಕೆ. ಬಿಳಿ ಹೊಡೆದರೆ ಸಾಕು, ಕೋಣೆ ದೊಡ್ಡದಾಗುತ್ತದೆ ಎಂಬ ಭಾವನೆಯಿತ್ತು. ಬಿಳಿಗೆ ತನ್ನದೇ ಬಣ್ಣವಿಲ್ಲ, ಅದು ಬಂದ ಬೆಳಕಿನ ಬಣ್ಣವನ್ನೇ ತೋರಿಸುತ್ತದೆ. ಈ ಕೋಣೆಗೆ ಬೆಳಕು ಬರುತ್ತಿದ್ದದ್ದು ಪಕ್ಕದ ಮನೆಯ ಸಿಮೆಂಟು ಗೋಡೆಗೆ ಬಡಿದು. ಹಾಗಾಗಿ ಹಗಲಿನಲ್ಲಿ ಬಿಳಿ ಗೋಡೆಗಳು ಒದ್ದೆ ಬೂದಿಯ ಬಣ್ಣಕ್ಕೆ ತಿರುಗಿದವು. ಮೂಲೆಗಳಲ್ಲಿ ನೆರಳು ಎದ್ದು ಕಂಡಿತು.

ಮೂರನೆಯದು ಒಂದು ಗೋಡೆಗೆ ಮಾತ್ರ ಗಾಢ ಬಣ್ಣ. ಹಾಸಿಗೆಯ ತಲೆಭಾಗದ ಗೋಡೆಗೆ ಕಡು ಮೆರೂನ್ ಹೊಡೆಸಲಾಯಿತು. ದೊಡ್ಡ ಹಾಲಿನಲ್ಲಿ ಇದು ಒಪ್ಪುತ್ತದೆ. ಇಲ್ಲಿ ಆ ಗೋಡೆ ಎರಡಡಿ ಮುಂದೆ ನಡೆದು ಬಂದಂತೆ ಕಂಡಿತು. ಸಾಲದ್ದಕ್ಕೆ ಬಾಗಿಲಿನ ಚೌಕಟ್ಟು, ಕಿಟಕಿಯ ಚೌಕಟ್ಟು, ಅಟ್ಟದ ಅಂಚು, ಸ್ಕರ್ಟಿಂಗ್ ಎಲ್ಲಕ್ಕೂ ಕಂದು ಎನಾಮಲ್. ಕೋಣೆಯ ಪ್ರತಿ ಎಲ್ಲೆಯನ್ನೂ ಪೆನ್ನಿನಿಂದ ಗೆರೆ ಎಳೆದು ತೋರಿಸಿದಂತಾಯಿತು.

ನಾಲ್ಕನೆಯದು ಹೊಳಪು. ತೊಳೆಯಲು ಸುಲಭವೆಂದು ಗ್ಲಾಸಿ ಫಿನಿಶ್ ಆರಿಸಲಾಗಿತ್ತು. ರಾತ್ರಿ ಟ್ಯೂಬ್‌ಲೈಟ್ ಹಾಕಿದೊಡನೆ ಗೋಡೆಯ ಮೇಲೆ ಇನ್ನೊಂದು ಟ್ಯೂಬ್‌ಲೈಟ್ ಹೊಳೆಯಿತು, ಗಾರೆಯ ಪ್ರತಿ ಉಬ್ಬುತಗ್ಗೂ ಎದ್ದು ಕಂಡಿತು. ಹೊಳಪು ಕಣ್ಣಿಗೆ ಗೋಡೆ ಇಲ್ಲೇ ಇದೆ ಎಂದು ಸಾರುತ್ತದೆ. ಮ್ಯಾಟ್ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದರಿಂದ ಗೋಡೆ ಹಿಂದೆ ಸರಿದಂತೆ ತೋರುತ್ತದೆ.

ಗೋಡೆ ಒಣಗಿಸುವುದು

ಎರಡನೇ ಸಲದ ಕೆಲಸಕ್ಕೆ ಜನವರಿಯನ್ನು ಆರಿಸಲಾಯಿತು. ತಮಿಳುನಾಡಿನಲ್ಲಿ ಪೊಂಗಲ್ ಸಮಯದಲ್ಲಿ ಮನೆಗೆ ವೆಳ್ಳೈ, ಅಂದರೆ ಸುಣ್ಣ ಹೊಡೆಯುವುದು ಹಿಂದಿನಿಂದ ಬಂದ ಪದ್ಧತಿ. ಅದು ಇಲ್ಲಿನ ಹವೆಗೆ ಸರಿಯಾಗಿ ಹೊಂದುವ ಪದ್ಧತಿ. ಈಶಾನ್ಯ ಮಾರುತ ಹಿಂದೆ ಸರಿದಿರುತ್ತದೆ, ಬೇಸಿಗೆಯ ಧಗೆ ಇನ್ನೂ ಬಂದಿರುವುದಿಲ್ಲ. ನೆಲೆಸಿದ ಊರಿನ ಪಂಚಾಂಗವನ್ನು ಗೋಡೆಗಳು ಬಿಟ್ಟು ಬಂದ ಊರಿನದಕ್ಕಿಂತ ಚೆನ್ನಾಗಿ ಪಾಲಿಸುತ್ತವೆ.

ಗೋಡೆ ಒಣಗಿದೆಯೇ ಎಂದು ತಿಳಿಯಲು ಸುಲಭದ ಉಪಾಯವಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಿಡಿದು ನಾಲ್ಕು ಅಂಚಿಗೂ ಗಾಳಿಯಾಡದಂತೆ ಟೇಪು ಅಂಟಿಸಬೇಕು. ಒಂದು ರಾತ್ರಿ ಕಳೆದ ಮೇಲೆ ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ, ಇಲ್ಲವೇ ಅಡಿಯ ಗೋಡೆ ಕಪ್ಪಾಗಿದ್ದರೆ, ಬಣ್ಣ ಕಾಯಬೇಕು. ಹೊಸದಾಗಿ ಗಾರೆ ಮಾಡಿದ ಜಾಗವಾದರೆ ಕಡಿಮೆಯೆಂದರೂ ನಾಲ್ಕು ವಾರ ಬಿಡಬೇಕು. ತೇವಕ್ಕೆ ಸೋರುವ ಪೈಪು, ಒಡೆದ ತಾರಸಿ, ಹೊರಗೋಡೆಯ ಬಿರುಕು ಕಾರಣವಾಗಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಒಳಗಿನ ಬಣ್ಣ ಹೊರಗಿನ ನೀರನ್ನು ತಡೆಯಲಾರದು.

ಉಪ್ಪೆದ್ದ ಜಾಗವನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಸೇರುತ್ತದೆ. ಎಷ್ಟು ಮಾಡಿದರೂ ಒಣಗದ ಹಳೆಯ ಗೋಡೆಗೆ ಎಮಲ್ಷನ್‌ಗಿಂತ ಸುಣ್ಣವೇ ಲೇಸು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಅದರ ಸೂಕ್ಷ್ಮ ರಂಧ್ರಗಳ ಮೂಲಕ ಗೋಡೆಯ ತೇವ ಹೊರಹೋಗುತ್ತದೆ, ಗುಳ್ಳೆಯೇಳುವುದಿಲ್ಲ.

ಛಾಯೆಯ ಆಯ್ಕೆ

ಕಡಿಮೆ ಬೆಳಕಿನ ಕೋಣೆಗೆ ಒಗ್ಗುವುದು ಎಲ್‌ಆರ್‌ವಿ 75ಕ್ಕಿಂತ ಹೆಚ್ಚಿರುವ, ತುಸು ಕೆನೆಬಣ್ಣಕ್ಕೋ ತುಸು ಮೊಸರಿನ ಬಿಳಿಗೋ ವಾಲಿದ ಛಾಯೆ. ಒಳಬರುವ ಬೂದು ಬೆಳಕಿನ ತಣ್ಣಗಿನ ಗುಣವನ್ನು ಆ ಕೊಂಚ ಬಿಸುಪು ಸರಿದೂಗಿಸುತ್ತದೆ. ನೇರ ಬಿಸಿಲು ಬೀಳುವ ಕೋಣೆಯಾದರೆ ಎದುರು ದಾರಿ ಹಿಡಿಯಬೇಕು: ತಿಳಿ ನೀಲಿ, ತಿಳಿ ಬೂದು, ತಿಳಿ ಹಸಿರು. ಅಲ್ಲಿ ಬೆಳಕು ಸಾಕಷ್ಟಿರುವುದರಿಂದ ತಂಪು ಬಣ್ಣಗಳು ಗೋಡೆಯನ್ನು ದೂರಕ್ಕೆ ಒಯ್ಯಬಲ್ಲವು.

ಶೇಡ್ ಕಾರ್ಡನ್ನು ನಂಬಿ ಬಣ್ಣ ಕೊಳ್ಳಬಾರದು. ಬೆರಳಗಲದ ತುಂಡಿನಲ್ಲಿ ಸಪ್ಪೆಯಾಗಿ ಕಂಡ ಛಾಯೆ ನಾಲ್ಕು ಗೋಡೆಗೆ ಏರಿದಾಗ ಗಾಢವಾಗುತ್ತದೆ. ಒಂದು ಗೋಡೆಯ ಬಣ್ಣ ಎದುರಿನ ಗೋಡೆಯ ಮೇಲೆ ಪುಟಿದು ತನ್ನನ್ನೇ ಹೆಚ್ಚಿಸಿಕೊಳ್ಳುವುದು ಇದಕ್ಕೆ ಕಾರಣ. ಒಂದೊಂದು ಲೀಟರಿನ ಎರಡು ಡಬ್ಬಿ ತಂದು, ಕಿಟಕಿಯ ಪಕ್ಕದ ಗೋಡೆಯಲ್ಲೂ ಕಿಟಕಿಯ ಎದುರು ಗೋಡೆಯಲ್ಲೂ ಎರಡಡಿ ಚೌಕ ಹೊಡೆದು ನೋಡಬೇಕು. ಬೆಳಗ್ಗೆ, ನಡುಹಗಲು, ದೀಪ ಹಚ್ಚಿದ ಮೇಲೆ, ಹೀಗೆ ಮೂರು ಹೊತ್ತು ನೋಡಿದರೆ ತೀರ್ಮಾನ ತಾನಾಗಿ ಬರುತ್ತದೆ. 6,500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಕೆಳಗೆ ಚೆಂದ ಕಂಡ ಕೆನೆಬಣ್ಣ 3,000 ಕೆಲ್ವಿನ್‌ನ ಹಳದಿ ದೀಪದ ಕೆಳಗೆ ಬೆಣ್ಣೆಯ ಬಣ್ಣವಾಗಿಬಿಡುತ್ತದೆ. ಆದ್ದರಿಂದ ದೀಪ ಬದಲಿಸುವ ಯೋಚನೆಯಿದ್ದರೆ ಬಣ್ಣಕ್ಕೆ ಮೊದಲೇ ಬದಲಿಸಬೇಕು.

ಗೆರೆಗಳನ್ನು ಅಳಿಸುವುದು

ಛಾಯೆಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಫಲ ಕೊಡುವುದು ಗೆರೆಗಳನ್ನು ಅಳಿಸುವ ಕೆಲಸ. ಈ ಕೋಣೆಯಲ್ಲಿ ಮೆರೂನ್ ಗೋಡೆ ಹೋಗಿ ನಾಲ್ಕು ಗೋಡೆಗೂ ಒಂದೇ ಕೆನೆಬಣ್ಣ ಬಂತು. ಬಾಗಿಲು, ಚೌಕಟ್ಟು, ಅಟ್ಟದ ಅಂಚು, ಸ್ಕರ್ಟಿಂಗ್, ಕರೆಂಟಿನ ಪೈಪಿನ ಪಟ್ಟಿ, ಎಲ್ಲಕ್ಕೂ ಅದೇ ಛಾಯೆ ಹೊಡೆಯಲಾಯಿತು. ಸೀಲಿಂಗಿನ ಬಿಳಿಯಲ್ಲಿ ಗೋಡೆಯ ಛಾಯೆಯನ್ನೇ ಒಂದು ಹನಿ ಬೆರೆಸಿದ್ದರಿಂದ ಎರಡೂ ಸೇರುವ ಗೆರೆ ಬಹುತೇಕ ಮಾಯವಾಯಿತು.

ಅಟ್ಟದ ಅಡಿಭಾಗಕ್ಕೆ ವಿಶೇಷ ಗಮನ ಬೇಕು. ದಕ್ಷಿಣದ ಮನೆಗಳಲ್ಲಿ ಆಳೆತ್ತರಕ್ಕೆ ಚಾಚಿಕೊಂಡಿರುವ ಈ ಕಾಂಕ್ರೀಟ್ ಹಲಗೆಯ ಅಡಿ ಸದಾ ನೆರಳು. ಅಲ್ಲಿಗೆ ಗೋಡೆಯ ಬಣ್ಣಕ್ಕಿಂತಲೂ ತಿಳಿಯಾದ ಸೀಲಿಂಗಿನ ಬಿಳಿ ಹೊಡೆದರೆ ತಲೆಯ ಮೇಲಿನ ಭಾರ ಇಳಿದಂತಾಗುತ್ತದೆ. ಕಿಟಕಿಯ ಪಕ್ಕೆಗಳು, ಎಂದರೆ ಗೋಡೆಯ ದಪ್ಪ ಕಾಣುವ ಒಳಅಂಚುಗಳು, ಬೆಳಕು ಮೊದಲು ಬಡಿಯುವ ಜಾಗ. ಅಪ್ಪಟ ಬಿಳಿ ಸಲ್ಲಬೇಕಾದದ್ದು ಅಲ್ಲಿ. ಗ್ರಿಲ್ಲಿನ ಕಪ್ಪು ಸರಳುಗಳು ಹೊರಗಿನ ನೋಟವನ್ನು ತುಂಡರಿಸುತ್ತವೆ; ಅವಕ್ಕೂ ತಿಳಿಬಣ್ಣವೇ ಸರಿ.

ಗಾಢ ಬಣ್ಣಕ್ಕೂ ತಕ್ಕ ಜಾಗವಿದೆ. ಉದ್ದವಾಗಿದ್ದು ಅಗಲವಿಲ್ಲದ, ರೈಲು ಬೋಗಿಯಂಥ ಕೋಣೆಯಲ್ಲಿ ಕೊನೆಯ ಚಿಕ್ಕ ಗೋಡೆಗೆ ಒಂದೆರಡು ಮೆಟ್ಟಿಲು ಗಾಢವಾದ ಛಾಯೆ ಹೊಡೆದರೆ ಆ ಗೋಡೆ ಹತ್ತಿರ ಬಂದಂತಾಗಿ ಕೋಣೆ ಚೌಕದತ್ತ ತಿರುಗುತ್ತದೆ. ಹತ್ತಕ್ಕೆ ಒಂಬತ್ತರ ಕೋಣೆಗೆ ಅದು ಬೇಕಿಲ್ಲ.

ಕೆಲಸದ ಕ್ರಮ ಮತ್ತು ಲೆಕ್ಕ

ಕ್ರಮ ಹೀಗೆ: ಸಡಿಲಾದ ಹಳೆಯ ಬಣ್ಣ ಕೆರೆಯುವುದು, ಬಿರುಕು ತುಂಬುವುದು, ಪುಟ್ಟಿ ಎಳೆದು ಉಜ್ಜುವುದು, ಪ್ರೈಮರ್, ಆಮೇಲೆ ಸೀಲಿಂಗ್, ಗೋಡೆ, ಕೊನೆಗೆ ಬಾಗಿಲು–ಕಿಟಕಿ. ಪುಟ್ಟಿ ಉಜ್ಜುವಾಗ ಕೈದೀಪವನ್ನು ಗೋಡೆಗೆ ಒರಗಿಸಿದಂತೆ ಹಿಡಿದರೆ ಉಬ್ಬುತಗ್ಗುಗಳ ನೆರಳು ಕಾಣುತ್ತದೆ. ಆಗಲೇ ತಿದ್ದಿಕೊಂಡರೆ ಆಮೇಲೆ ಕೊರಗುವುದು ತಪ್ಪುತ್ತದೆ. ಹಳೆಯ ಎನಾಮಲ್‌ನಲ್ಲಿ ಸೀಸ ಇರುವ ಸಾಧ್ಯತೆಯುಂಟು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮವನ್ನು ಭಾರತ ಸರ್ಕಾರ 2016ರಲ್ಲಿ ಹೊರಡಿಸಿತು. ಅದಕ್ಕೆ ಮುಂಚಿನ ಬಾಗಿಲು–ಚೌಕಟ್ಟುಗಳನ್ನು ಒಣದಾಗಿ ಉಜ್ಜದೆ ನೀರು ಹಚ್ಚಿ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು.

ಲೆಕ್ಕಕ್ಕೆ ಬಂದರೆ, ಈ ಕೋಣೆಯ ಸುತ್ತಳತೆ 38 ಅಡಿ. ಎತ್ತರ ಒಂಬತ್ತೂವರೆ ಅಡಿಯಿಂದ ಗುಣಿಸಿದರೆ 361 ಚದರಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 324. ನಯವಾದ ಗೋಡೆಯ ಮೇಲೆ ಒಂದು ಲೀಟರ್ ಎಮಲ್ಷನ್ ಎರಡು ಕೋಟಿನಲ್ಲಿ ಸುಮಾರು 60 ಚದರಡಿಗೆ ಬರುತ್ತದೆ. ಹಾಗಾಗಿ ಗೋಡೆಗೆ ಐದೂವರೆ ಲೀಟರ್, 90 ಚದರಡಿಯ ಸೀಲಿಂಗಿಗೆ ಒಂದೂವರೆ ಲೀಟರ್. ಗೋಡೆಯ ಬಣ್ಣವನ್ನು ಒಂದೇ ಸಲ ಬೆರೆಸಿ ತರುವುದು ಕ್ಷೇಮ, ಬೇರೆ ದಿನ ಬೆರೆಸಿದ ಡಬ್ಬಿಯಲ್ಲಿ ಛಾಯೆ ಕೂದಲೆಳೆಯಷ್ಟು ಬದಲಾದರೂ ಗೋಡೆಯ ನಡುವೆ ಕಾಣುತ್ತದೆ. ಒಳ್ಳೆಯ ಬಿಳಿಯ ಬಣ್ಣಗಳು ಹಳೆಯದನ್ನು ಎರಡೇ ಕೋಟಿನಲ್ಲಿ ಮುಚ್ಚುವುದು ಅವುಗಳಲ್ಲಿರುವ ಟೈಟೇನಿಯಂ ಡೈಆಕ್ಸೈಡ್‌ನಿಂದ. ಅಗ್ಗದ ಬಣ್ಣದಲ್ಲಿ ಇದು ಕಡಿಮೆಯಿದ್ದು ಸೀಮೆಸುಣ್ಣದ ಪುಡಿ ಹೆಚ್ಚಿರುತ್ತದೆ. ಮೆರೂನ್ ಗೋಡೆಯನ್ನು ಮುಚ್ಚಲು ಪ್ರೈಮರ್ ಮೇಲೆ ಮೂರು ಕೋಟು ಬೇಕಾಯಿತು.

ಕಿಟಕಿಯಾಚೆಯ ಗೋಡೆ

ಇಷ್ಟೆಲ್ಲ ಆದ ಮೇಲೆ ಕೋಣೆ ಹಗುರವಾಯಿತು, ಮೂಲೆಗಳು ಮೃದುವಾದವು. ಆದರೂ ನಡುಹಗಲಿನಲ್ಲಿ ದೀಪ ಬೇಕಾಗುತ್ತಿತ್ತು. ಒಳಗೆ ಪುಟಿಯಲು ಬೆಳಕು ಮೊದಲು ಒಳಗೆ ಬರಬೇಕಲ್ಲ. ಅದು ಬರುತ್ತಿದ್ದದ್ದು ಪಕ್ಕದ ಮನೆಯ ಬರಿ ಸಿಮೆಂಟು ಗೋಡೆಯಿಂದ. ಆ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಮೂರನೇ ಒಂದು ಪಾಲನ್ನಷ್ಟೇ ಮರಳಿಸುತ್ತದೆ, ಉಳಿದದ್ದನ್ನು ನುಂಗಿಬಿಡುತ್ತದೆ.

ಪಕ್ಕದ ಮನೆಯ ಹಿರಿಯರ ಒಪ್ಪಿಗೆ ಪಡೆದು, ಕಿಟಕಿಗೆ ನೇರವಾಗಿರುವ ಹತ್ತಡಿ ಅಗಲದ ಆ ಭಾಗಕ್ಕೆ ಲೇಖಕನ ಖರ್ಚಿನಲ್ಲೇ ಬಿಳಿ ಸಿಮೆಂಟ್ ಪೇಂಟ್ ಹೊಡೆಸಲಾಯಿತು. ಅರ್ಧ ದಿನದ ಕೆಲಸ. ಮರುದಿನ ಹನ್ನೊಂದು ಗಂಟೆಗೆ ಆ ಸಂದಿಯಲ್ಲಿ ಬಿಸಿಲು ಇಳಿದಾಗ ಕೋಣೆಯೊಳಗೆ ಕೆನೆಬಣ್ಣ ಮೊದಲ ಸಲ ಕೆನೆಬಣ್ಣವಾಗಿ ಕಂಡಿತು. ಎದುರು ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ದೀಪವಿಲ್ಲದೆ ಓದಲು ಸಾಧ್ಯವಾಯಿತು. ಒಳಗೆ ವಾರಗಟ್ಟಲೆ ಮಾಡಿದ ಕೆಲಸ ಪೂರ್ತಿ ಫಲ ಕೊಟ್ಟದ್ದು ಹೊರಗಿನ ಅರ್ಧ ದಿನದ ಕೆಲಸದ ನಂತರವೇ.

ಈ ಎರಡು ಸಲದ ಅನುಭವದಿಂದ ತಿಳಿದದ್ದನ್ನು ಕ್ರಮವಾಗಿ ಹೇಳುವುದಾದರೆ: ಮೊದಲು ಕಿಟಕಿಯ ಹೊರಗೆ ನೋಡಬೇಕು, ಆಮೇಲೆ ಗೋಡೆ ಮುಟ್ಟಿ ತೇವ ನೋಡಬೇಕು, ಆಮೇಲೆ ಗೆರೆಗಳನ್ನು ಎಣಿಸಬೇಕು. ಶೇಡ್ ಕಾರ್ಡ್ ಬಿಚ್ಚುವ ಸರದಿ ಕೊನೆಯದು. ಚೆನ್ನೈನಲ್ಲಿ ಈ ಕೆಲಸಕ್ಕೆ ತಕ್ಕ ಕಾಲ ಜನವರಿಯಿಂದ ಮಾರ್ಚ್.